ಬೆದರಿಕೆಗೆ ಕಂತು ಕಟ್ಟಿದ ಸ್ಪೀಕರ್‌ಗಳು: ಅವರ ವಕೀಲರಿಗೆ ಒಂದು ಪ್ರತ್ಯುತ್ತರ

2023ರ ಅಕ್ಟೋಬರ್ 3ರಂದು ಅಮೆರಿಕದ ಪ್ರತಿನಿಧಿ ಸಭೆ ತನ್ನ ಸ್ಪೀಕರ್ ಕೆವಿನ್ ಮೆಕಾರ್ಥಿ ಅವರನ್ನು 216–210 ಮತಗಳಿಂದ ಕುರ್ಚಿಯಿಂದ ಇಳಿಸಿತು. ಆ ಸಭೆಯ ಇತಿಹಾಸದಲ್ಲಿ ಹೀಗೆ ಪದಚ್ಯುತರಾದ ಮೊದಲ ಸ್ಪೀಕರ್ ಅವರು. ಇಳಿಸಿದ ಮತಗಳಲ್ಲಿ ಎಂಟು ಅವರದೇ ರಿಪಬ್ಲಿಕನ್ ಪಕ್ಷದವು. ಅಂದಿನಿಂದ ಎರಡು ಬಗೆಯ ವಕೀಲರು ಹುಟ್ಟಿಕೊಂಡಿದ್ದಾರೆ. ಮೊದಲನೆಯವರು ಆ ಎಂಟು ಮಂದಿಯ ಪರ: ಅವರು ತತ್ವನಿಷ್ಠರು, ಮೋಸ ಮಾಡಿದ್ದು ನಾಯಕ ಎನ್ನುತ್ತಾರೆ. ಎರಡನೆಯವರು ನಾಯಕನ ಪರ: ಪಾಪ, ಅಷ್ಟು ಸಣ್ಣ ಬಹುಮತ ಇಟ್ಟುಕೊಂಡು ಮಣಿಯದೆ ಇನ್ನೇನು ಮಾಡಬೇಕಿತ್ತು ಎಂದು ಕೇಳುತ್ತಾರೆ. ಮೇಲ್ನೋಟಕ್ಕೆ ಇವರು ಎದುರಾಳಿಗಳು. ಆದರೆ ಇಬ್ಬರೂ ಕೊನೆಗೆ ತಲುಪುವುದು ಒಂದೇ ಕಡೆಗೆ. ಪಕ್ಷದೊಳಗಿನ ಕಟ್ಟರ್ ಬಣ ಪಟ್ಟು ಹಿಡಿದರೆ ನಾಯಕ ಮಣಿಯಬೇಕು ಅಥವಾ ಹೋಗಬೇಕು, ಮೂರನೆಯ ದಾರಿ ಇಲ್ಲ ಎಂಬ ತೀರ್ಮಾನಕ್ಕೆ. ನನ್ನ ತಕರಾರು ಈ ತೀರ್ಮಾನದ ಮೇಲೆ. ದಾಖಲೆ ಇದಕ್ಕೆ ನೇರ ವಿರುದ್ಧವಾಗಿದೆ. ಒಂದೊಂದೇ ವಾದವನ್ನು ಎತ್ತಿಕೊಳ್ಳುತ್ತೇನೆ, ತೀರ್ಪು ಓದುಗರದು.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಅಲ್ಲಿನ ಸ್ಪೀಕರ್ ನಮ್ಮ ವಿಧಾನಸಭೆಯ ಸಭಾಧ್ಯಕ್ಷರಂತೆ ಪಕ್ಷದಿಂದ ದೂರ ಕೂತು ಗಂಟೆ ಬಾರಿಸುವವರಲ್ಲ. ಬಹುಮತದ ಪಕ್ಷದ ನಾಯಕರೇ ಅವರು. ಯಾವ ಮಸೂದೆ ಸದನಕ್ಕೆ ಬರಬೇಕು, ಯಾವುದು ಕಪಾಟಿನಲ್ಲೇ ಧೂಳು ತಿನ್ನಬೇಕು ಎಂಬುದು ಬಹುಮಟ್ಟಿಗೆ ಅವರ ಕೈಯಲ್ಲಿದೆ. ಆದ್ದರಿಂದಲೇ ಒತ್ತಡವೆಲ್ಲ ಬಂದು ಬೀಳುವುದು ಅವರ ಮೇಲೆ.

ಮೊದಲ ವಾದ ಲೆಕ್ಕದ್ದು. 435 ಸದಸ್ಯರ ಸಭೆಯಲ್ಲಿ ಬಹುಮತಕ್ಕೆ ಬೇಕು 218. ಕೈಯಲ್ಲಿರುವುದು ನಾಲ್ಕೈದು ಹೆಚ್ಚುವರಿ ಸ್ಥಾನ. ಐವರು ಮುನಿದರೆ ಎಲ್ಲ ಮುಗಿಯಿತು, ಹಾಗಾಗಿ ನಾಯಕನ ಸೋಲಿಗೆ ಗಣಿತವೇ ಕಾರಣ ಎನ್ನುತ್ತಾರೆ. ಸರಿ, ಗಣಿತವನ್ನೇ ಕೇಳೋಣ. 2014ರ ಚುನಾವಣೆಯಲ್ಲಿ ಆಗಿನ ಸ್ಪೀಕರ್ ಜಾನ್ ಬೇನರ್ ಅವರ ಪಕ್ಷ ಗೆದ್ದದ್ದು 247 ಸ್ಥಾನ. 1928ರ ಚುನಾವಣೆಯ ನಂತರ ರಿಪಬ್ಲಿಕನ್ನರಿಗೆ ಅಷ್ಟು ದೊಡ್ಡ ಬಹುಮತ ಸಿಕ್ಕಿರಲಿಲ್ಲ. 2015ರ ಜನವರಿಯಲ್ಲಿ ಫ್ರೀಡಂ ಕಾಕಸ್ ಎಂಬ ಕಟ್ಟರ್ ಗುಂಪು ಹುಟ್ಟಿತು. ಜುಲೈ 28ರಂದು ಅದರ ಮಾರ್ಕ್ ಮೆಡೋಸ್ ಪದಚ್ಯುತಿ ಗೊತ್ತುವಳಿ ಸಲ್ಲಿಸಿದರು. ಸೆಪ್ಟೆಂಬರ್ 25ರಂದು, ಪೋಪ್ ಫ್ರಾನ್ಸಿಸ್ ಸಂಸತ್ತಿನಲ್ಲಿ ಭಾಷಣ ಮಾಡಿದ ಮರುದಿನವೇ, ಬೇನರ್ ರಾಜೀನಾಮೆ ಘೋಷಿಸಿದರು. ಹತ್ತಿರ ಹತ್ತಿರ ಮೂವತ್ತು ಸ್ಥಾನಗಳ ಹೆಚ್ಚುವರಿ ಇದ್ದವರು ಹೋದರು. ಆದರೆ 2020ರಲ್ಲಿ 222 ಸ್ಥಾನವಷ್ಟೇ ಗೆದ್ದ ಡೆಮಾಕ್ರಾಟರ ಸ್ಪೀಕರ್ ನ್ಯಾನ್ಸಿ ಪೆಲೋಸಿ ಅವಧಿ ಮುಗಿಸಿಯೇ ಇಳಿದರು. ಬಹುಮತದ ಗಾತ್ರವೇ ಕಾರಣವಾಗಿದ್ದರೆ ಇದು ತಿರುವುಮುರುವಾಗಬೇಕಿತ್ತು.

ಎರಡನೆಯ ವಾದ ಲೋಕಾನುಭವದ ವೇಷದಲ್ಲಿ ಬರುತ್ತದೆ: ಅವರಿಗೂ ಒಂದಿಷ್ಟು ಕೊಟ್ಟುಬಿಡಿ, ತಣ್ಣಗಾಗುತ್ತಾರೆ. 2023ರ ಜನವರಿ 6ರ ರಾತ್ರಿಯನ್ನು ನೋಡಿ. ನಾಲ್ಕು ದಿನದಿಂದ ಸ್ಪೀಕರ್ ಆಯ್ಕೆ ನಡೆಯುತ್ತಲೇ ಇದೆ, ಮುಗಿಯುತ್ತಿಲ್ಲ. ಹದಿನಾಲ್ಕನೇ ಸುತ್ತಿನಲ್ಲಿ ಮೆಕಾರ್ಥಿಗೆ ಒಂದೇ ಮತ ಕಡಿಮೆ. ಸ್ಪೀಕರ್ ಆಗಬೇಕಾದ ಮನುಷ್ಯ ತನ್ನ ಜಾಗ ಬಿಟ್ಟೆದ್ದು, ಸದನದ ಹಿಂದಿನ ಸಾಲಿನವರೆಗೆ ನಡೆದುಹೋಗಿ, ಕುರ್ಚಿಯಲ್ಲಿ ಕೂತಿದ್ದ ಕಟ್ಟರ್ ಬಣದ ಮ್ಯಾಟ್ ಗೇಟ್ಸ್ ಮುಂದೆ ನಿಂತು ಕೇಳಿಕೊಂಡರು. ಗೇಟ್ಸ್ ಏಳಲಿಲ್ಲ. ಅಲಬಾಮದ ಮೈಕ್ ರಾಜರ್ಸ್ ಸಿಟ್ಟಿನಿಂದ ಗೇಟ್ಸ್ ಮೇಲೆ ಏರಿಹೋದರು. ಇನ್ನೊಬ್ಬ ಸದಸ್ಯ ಅವರ ಬಾಯಿಗೆ ಅಡ್ಡ ಕೈ ಹಾಕಿ ಹಿಂದಕ್ಕೆ ಎಳೆದರು. ಕ್ಯಾಮೆರಾಗಳ ಮುಂದೆಯೇ ಇದೆಲ್ಲ ನಡೆಯಿತು. ನಡುರಾತ್ರಿ ಕಳೆದ ಮೇಲೆ, ಹದಿನೈದನೇ ಸುತ್ತಿನಲ್ಲಿ, ಆರು ಮಂದಿ ಯಾರ ಪರವೂ ಇಲ್ಲದೆ ‘ಹಾಜರ್’ ಎಂದಷ್ಟೇ ಹೇಳಿದ್ದರಿಂದ 216 ಮತಕ್ಕೆ ಕುರ್ಚಿ ಸಿಕ್ಕಿತು. ತೆತ್ತ ಬೆಲೆ ಏನು? ಯಾವ ಒಬ್ಬ ಸದಸ್ಯ ಬೇಕಾದರೂ ಪದಚ್ಯುತಿ ಗೊತ್ತುವಳಿ ತರಬಹುದು ಎಂಬ ನಿಯಮ. ಐವರಾದರೂ ಬೇಕು ಎಂದು ಮೊದಲು ಹೇಳಿದ್ದ ಮೆಕಾರ್ಥಿ, ಕೊನೆಗೆ ಒಬ್ಬನಿಗೆ ಒಪ್ಪಿದರು. ಜೊತೆಗೆ ಸದನದ ಬಾಗಿಲು ಕಾಯುವ ನಿಯಮ ಸಮಿತಿಯಲ್ಲಿ ಚಿಪ್ ರಾಯ್, ರಾಲ್ಫ್ ನಾರ್ಮನ್, ಥಾಮಸ್ ಮ್ಯಾಸಿ ಅವರಿಗೆ ಜಾಗ.

ತಣ್ಣಗಾದರೇ? ಜೂನ್ 6ರಂದು ಅದೇ ಬಣದ ಹನ್ನೊಂದು ಮಂದಿ ತಮ್ಮದೇ ಪಕ್ಷದ ಕಾರ್ಯಸೂಚಿ ನಿಯಮವನ್ನು ಸೋಲಿಸಿದರು. 2002ರ ನಂತರ ಹಾಗೆ ಆಗಿರಲಿಲ್ಲ. ಸದನ ಸುಮಾರು ಒಂದು ವಾರ ಕೈಕಟ್ಟಿ ಕೂತಿತು. ಸೋತ ಆ ನಿಯಮದ ಅಡಿಯಲ್ಲಿದ್ದ ಮಸೂದೆ ಯಾವುದು ಗೊತ್ತೆ? ಗ್ಯಾಸ್ ಒಲೆಗಳ ಮೇಲೆ ಸರ್ಕಾರ ನಿರ್ಬಂಧ ಹೇರಬಾರದು ಎನ್ನುವಂಥದ್ದು, ಆ ಬಣಕ್ಕೇ ಪ್ರಿಯವಾದದ್ದು! ವಿರೋಧ ಮಸೂದೆಗೆ ಇರಲಿಲ್ಲ. ತಮ್ಮ ಕೈ ಎಲ್ಲಿಯವರೆಗೆ ಚಾಚುತ್ತದೆ ಎಂದು ಅಳೆದು ನೋಡಿದರು, ಅಷ್ಟೇ. ಮೀಟರ್ ಬಡ್ಡಿಗೆ ಸಾಲ ತಂದವನು ಬಡ್ಡಿ ಕಟ್ಟಿದಷ್ಟೂ ಅಸಲು ಹಾಗೇ ಉಳಿಯುತ್ತದಲ್ಲ, ಮೆಕಾರ್ಥಿ ಕಟ್ಟಿದ್ದು ಆ ಬಗೆಯ ಕಂತುಗಳನ್ನು.

ಇಲ್ಲಿ ಎದುರು ಪಕ್ಷದ ಅತಿ ಗಟ್ಟಿ ವಾದ ಬರುತ್ತದೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. “ನೀವು ಹೇಳುವ ಧೈರ್ಯವನ್ನೇ ಮೆಕಾರ್ಥಿ ಸೆಪ್ಟೆಂಬರ್ 30ರಂದು ತೋರಿಸಿದರಲ್ಲ? ಸರ್ಕಾರ ಮುಚ್ಚಿಹೋಗದಂತೆ 45 ದಿನಗಳ ತಾತ್ಕಾಲಿಕ ವೆಚ್ಚದ ಮಸೂದೆಯನ್ನು ಸದನಕ್ಕೆ ತಂದರು, ಅದು 335–91ರಲ್ಲಿ ಗೆದ್ದಿತು. ಮೂರೇ ದಿನದಲ್ಲಿ ಕುರ್ಚಿ ಹೋಯಿತು. ಇದೇನಾ ನಿಮ್ಮ ಮೂರನೆಯ ದಾರಿ?”

ಅಂದು ಅವರು ಮಾಡಿದ್ದು ಸರಿ, ಅನುಮಾನವಿಲ್ಲ. ಆದರೆ ಆ ಒಂದು ದಿನವನ್ನು ಮಾತ್ರ ಕತ್ತರಿಸಿ ತೋರಿಸುವುದು ಜಾಣತನ, ನ್ಯಾಯವಲ್ಲ. ಹಿಂದಿನ ದಿನಗಳನ್ನೂ ಜೋಡಿಸಿ. ಮೇ ತಿಂಗಳಲ್ಲಿ ಸಾಲದ ಮಿತಿಯ ವಿಷಯದಲ್ಲಿ ಅಧ್ಯಕ್ಷ ಬೈಡನ್ ಜೊತೆ ಕೂತು ವೆಚ್ಚಕ್ಕೆ ಇಷ್ಟೇ ಮಿತಿ ಎಂದು ಒಪ್ಪಂದ ಮಾಡಿಕೊಂಡವರು ಮೆಕಾರ್ಥಿಯೇ. ಜೂನ್‌ನಲ್ಲಿ ಕಟ್ಟರ್ ಬಣ ಕಣ್ಣು ಕೆಂಪಗೆ ಮಾಡಿದೊಡನೆ, ಆ ಮಿತಿಗಿಂತಲೂ ಕೆಳಗೆ ಮಸೂದೆಗಳನ್ನು ಬರೆಯಲು ಅವರ ಪಕ್ಷ ಹೊರಟಿತು. ಬೈಡನ್ ವಿರುದ್ಧ ಮಹಾಭಿಯೋಗದ ತನಿಖೆ ತೆರೆಯುವುದಿದ್ದರೆ ಸದನದ ಮತದಿಂದಲೇ ಎಂದು ಸೆಪ್ಟೆಂಬರ್ ಮೊದಲ ದಿನ ಹೇಳಿದರು. 12ನೇ ತಾರೀಕು ಮತವಿಲ್ಲದೆ ತಾವೇ ಘೋಷಿಸಿಬಿಟ್ಟರು. ಕಾರಣ ಮತ್ತದೇ ಒತ್ತಡ. 29ರಂದು ಕಟ್ಟರ್ ಬಣಕ್ಕೆ ಹಿಡಿಸುವಂಥ ಕಡಿತಗಳನ್ನೆಲ್ಲ ತುಂಬಿದ ಮಸೂದೆಯೊಂದನ್ನು ತಂದರು. ಅವರದೇ 21 ಮಂದಿ ಸೇರಿ ಅದನ್ನು 198–232ರಲ್ಲಿ ಬೀಳಿಸಿದರು. ಬೇರೆ ಎಲ್ಲ ಬಾಗಿಲು ಮುಚ್ಚಿದ ಮೇಲೆ, ಗಡುವಿಗೆ ಗಂಟೆಗಳು ಉಳಿದಾಗ, 30ರ ಧೈರ್ಯ ಬಂತು.

ಆ 335ರಲ್ಲಿ 209 ಮತ ಡೆಮಾಕ್ರಾಟರವು, ರಿಪಬ್ಲಿಕನ್ನರವು 126. ಸರ್ಕಾರ ಉಳಿದದ್ದು ಎದುರು ಪಕ್ಷದ ಮತದಿಂದ. ಮರುದಿನ, ಅಕ್ಟೋಬರ್ 1ರ ಭಾನುವಾರ, ಟೀವಿಯಲ್ಲಿ ಕೂತ ಮೆಕಾರ್ಥಿ ಏನೆಂದರು? ಸರ್ಕಾರ ಮುಚ್ಚಲಿ ಎಂದು ಬಯಸಿದ್ದು ಡೆಮಾಕ್ರಾಟರೇ ಎಂದರು. ಬೆನ್ನು ಕೊಟ್ಟು ದಾಟಿಸಿದವರ ಮೇಲೆ ದಡ ಮುಟ್ಟಿದೊಡನೆ ದೂರು. ಮೂರನೇ ತಾರೀಕು ಅವರಿಂದ ಒಂದಾದರೂ ಮತ ಬೇಕಾದಾಗ, ಪ್ರತಿಯಾಗಿ ತಾನು ಏನನ್ನೂ ಕೊಡುವುದಿಲ್ಲ ಎಂದೂ ಸೇರಿಸಿದರು. ಅಲ್ಲಿಗೆ ಒಬ್ಬರನ್ನೂ ತಮ್ಮವರಾಗಿ ಉಳಿಸಿಕೊಂಡಿರಲಿಲ್ಲ. ಕಟ್ಟರ್ ಬಣಕ್ಕೆ ಅವರು ಮಾತು ತಪ್ಪಿದವರು, ಎದುರು ಪಕ್ಷಕ್ಕೂ ಮಾತು ತಪ್ಪಿದವರು. ಒಬ್ಬನೇ ಗೊತ್ತುವಳಿ ತರಬಹುದೆಂಬ ಅಸ್ತ್ರವನ್ನು ಜನವರಿಯಲ್ಲಿ ಗೇಟ್ಸ್ ಕೈಗೆ ಕೊಟ್ಟವರೂ ಅವರೇ. ಸೆಪ್ಟೆಂಬರ್ 30 ಅವರನ್ನು ಬೀಳಿಸಿತು ಎನ್ನುವವರು ಜನವರಿ 6ರಿಂದ ಸೆಪ್ಟೆಂಬರ್ 29ರವರೆಗಿನ ಒಂಬತ್ತು ತಿಂಗಳನ್ನು ಕ್ಯಾಲೆಂಡರಿನಿಂದ ಹರಿದುಹಾಕಿದ್ದಾರೆ.

ಕುರ್ಚಿ ಪಣಕ್ಕಿಟ್ಟರೆ ಹೋಗುವುದು ಖಚಿತವೇ ಎಂಬುದಕ್ಕೂ ಹಳೆಯ ದಾಖಲೆ ಇದೆ. 1910ರ ಮಾರ್ಚ್‌ನಲ್ಲಿ ಸ್ಪೀಕರ್ ಜೋಸೆಫ್ ಕ್ಯಾನನ್ ವಿರುದ್ಧ ಜಾರ್ಜ್ ನಾರಿಸ್ ನಾಯಕತ್ವದಲ್ಲಿ ಅವರದೇ ಪಕ್ಷದ ಬಂಡುಕೋರರು ಎದ್ದರು. ನಿಯಮ ಸಮಿತಿಯಿಂದ ಸ್ಪೀಕರ್ ಅವರನ್ನೇ ಹೊರಗಿಡುವ ನಿರ್ಣಯ 191–156ರಲ್ಲಿ ಗೆದ್ದಿತು. ಕ್ಯಾನನ್ ರಾಜೀನಾಮೆ ಕೊಡಲಿಲ್ಲ, ಗೋಗರೆಯಲೂ ಇಲ್ಲ. ಕುರ್ಚಿ ಖಾಲಿ ಎಂದು ಘೋಷಿಸುವ ಗೊತ್ತುವಳಿ ತನ್ನಿ, ಈಗಲೇ ಮತಕ್ಕೆ ಹಾಕುತ್ತೇನೆ ಎಂದರು. ತಂದರು. 155–192ರಲ್ಲಿ ಬಿದ್ದುಹೋಯಿತು. ಅಧಿಕಾರ ಕಿತ್ತುಕೊಂಡ ಬಂಡುಕೋರರಲ್ಲೇ ಬಹುತೇಕರು ಕುರ್ಚಿ ಕೀಳಲು ಒಪ್ಪಲಿಲ್ಲ. ಕ್ಯಾನನ್ ಸದನವನ್ನು ಜಮೀನ್ದಾರನಂತೆ ಆಳಿದವರು, ನನಗೇನೂ ಆದರ್ಶರಲ್ಲ. ಆದರೆ ಬೆದರಿಕೆಗೂ ಬಹುಮತಕ್ಕೂ ಇರುವ ಅಂತರ ಅವರಿಗೆ ಗೊತ್ತಿತ್ತು.

“ಮೆಕಾರ್ಥಿಯನ್ನು ಇಳಿಸಿದ್ದು ಎಂಟು ಮಂದಿಯಲ್ಲ, 208 ಡೆಮಾಕ್ರಾಟರು” ಎಂಬುದು ಮುಂದಿನ ಜಾರುಬಂಡಿ. ಎದುರು ಪಕ್ಷ ತನ್ನ ಎದುರಾಳಿ ಸ್ಪೀಕರ್‌ಗೆ ಮತ ಹಾಕುವ ವಾಡಿಕೆ ಅಲ್ಲಿಲ್ಲ. ಜನವರಿಯ ಹದಿನೈದೂ ಸುತ್ತಿನಲ್ಲಿ ಅವರು ಹಾಕಿರಲಿಲ್ಲ. ಗೊತ್ತುವಳಿ ತಂದವರು ಗೇಟ್ಸ್, ಡೆಮಾಕ್ರಾಟರಲ್ಲ. ಅದಿರಲಿ. ಇದೇ ವಕೀಲರು ಸೆಪ್ಟೆಂಬರ್ 30ರಂದು ಮೆಕಾರ್ಥಿ ಮಾಡಿದ ಮಹಾಪಾಪ ಎಂದು ಹೇಳುವುದು ಯಾವುದನ್ನು? ಡೆಮಾಕ್ರಾಟರ ಜೊತೆ ಸೇರಿ ಮತ ಗೆದ್ದದ್ದನ್ನು. ಆ ಪಾಪಕ್ಕೆ ಶಿಕ್ಷೆ ಕೊಡಲು ಎಂಟು ಮಂದಿ ಸೇರಿಕೊಂಡದ್ದು 208 ಡೆಮಾಕ್ರಾಟರ ಜೊತೆ!

ಈ ಪಾಪಕ್ಕೆ ಒಂದು ಶಾಸ್ತ್ರವೂ ಉಂಟು. ಪಕ್ಷದೊಳಗಿನ ಬಹುಮತ ಒಪ್ಪದ ಮಸೂದೆಯನ್ನು ಸದನಕ್ಕೆ ತರಲೇಬಾರದು ಎಂಬ ಕಟ್ಟಳೆ, ಹಿಂದಿನ ಸ್ಪೀಕರ್ ಡೆನ್ನಿಸ್ ಹ್ಯಾಸ್ಟರ್ಟ್ ಹೆಸರಿನಲ್ಲಿ ಓಡಾಡುತ್ತದೆ. ಇದೇ ನಿಜವಾದ ಪ್ರಜಾಪ್ರಭುತ್ವ ಎನ್ನುತ್ತಾರೆ. ಅಂಥ ಕಟ್ಟಳೆ ಇರಲೇ ಇಲ್ಲ ಎಂದು 2013ರಲ್ಲಿ ಹ್ಯಾಸ್ಟರ್ಟ್ ಅವರೇ ಹೇಳಿದ್ದು ಈ ಶಾಸ್ತ್ರಿಗಳಿಗೆ ನೆನಪಾಗುವುದಿಲ್ಲ. ಲೆಕ್ಕವನ್ನೇ ಹಿಡಿದರೆ, 218 ಮಂದಿಯ ಪಕ್ಷದಲ್ಲಿ ಅರ್ಧಕ್ಕಿಂತ ಒಬ್ಬರು ಹೆಚ್ಚು ಎಂದರೆ 110. ಅಂದರೆ 435 ಮಂದಿಯ ಸಭೆಯನ್ನು 110 ಮಂದಿ ತಡೆದು ನಿಲ್ಲಿಸಬಹುದು. 2013ರ ಜೂನ್ 27ರಂದು ಸೆನೆಟ್ 68–32ರಲ್ಲಿ ಪಾಸು ಮಾಡಿದ ವಲಸೆ ಸುಧಾರಣೆಯ ಮಸೂದೆಗೆ ಆದದ್ದು ಇದೇ. ಬೇನರ್ ಅದನ್ನು ಒಮ್ಮೆಯೂ ಮತಕ್ಕೆ ಹಾಕಲಿಲ್ಲ. ಗ್ರೀನ್ ಕಾರ್ಡಿಗಾಗಿ ಸರದಿಯಲ್ಲಿ ನಿಂತಿರುವ ಬೆಂಗಳೂರು, ಮೈಸೂರಿನ ಸಾಫ್ಟ್‌ವೇರ್ ಕುಟುಂಬಗಳನ್ನು ಕೇಳಿ ನೋಡಿ. ಉದ್ಯೋಗದ ಗ್ರೀನ್ ಕಾರ್ಡಿಗೆ ದೇಶವಾರು ಮಿತಿಯನ್ನು ತೆಗೆಯುವ ಅಂಶ ಅದರಲ್ಲಿತ್ತು. ಸೋತಿದ್ದರೆ ಸರಿ, ಸೋತಿತು ಅನ್ನಬಹುದಿತ್ತು. ಅದಕ್ಕೆ ಸೋಲುವ ಅವಕಾಶವೂ ಸಿಗಲಿಲ್ಲ. ಇನ್ನು ಪೆಲೋಸಿಯ ದಾರಿ ನೋಡಿ. 2007ರ ಮೇ 24ರಂದು ಇರಾಕ್ ಯುದ್ಧದ ಹಣದ ಮಸೂದೆಯನ್ನು ಸದನಕ್ಕೆ ತಂದರು, ತಾವೇ ಅದರ ವಿರುದ್ಧ ಮತ ಹಾಕಿದರು. 280–142ರಲ್ಲಿ ಅದು ಗೆದ್ದಿತು, ಹೆಚ್ಚಿನ ಮತಗಳು ರಿಪಬ್ಲಿಕನ್ನರವು. ತನ್ನ ಅಭಿಪ್ರಾಯ ಬೇರೆ, ಸದನದ ಬಹುಮತ ಬೇರೆ ಎಂದು ನಾಯಕಿ ಒಪ್ಪಿಕೊಂಡ ಮಾತ್ರಕ್ಕೆ ಆಕಾಶವೇನೂ ಕಳಚಿ ಬೀಳಲಿಲ್ಲ.

“ಕಟ್ಟರ್ ಬಣವೇ ನಿಜವಾದ ಮತದಾರನ ದನಿ, ಉಳಿದವರು ವಾಷಿಂಗ್ಟನ್ನಿನ ನೀರು ಕುಡಿದವರು.” ಹಾಗಿದ್ದರೆ ದನಿಯನ್ನು ಎಣಿಸೋಣ. ಒಂದೊಂದು ಕ್ಷೇತ್ರಕ್ಕೂ ಸುಮಾರು 7.6 ಲಕ್ಷ ಜನ. ಗೇಟ್ಸ್ ಅವರ 7.6 ಲಕ್ಷ ಜನ ಅಸಲಿ, ಮೆಕಾರ್ಥಿ ಪರ ನಿಂತ 210 ಮಂದಿಯ ಕ್ಷೇತ್ರದ ಜನ ನಕಲಿ ಎಂದು ಯಾವ ತಕ್ಕಡಿಯಲ್ಲಿ ತೂಗಿದರು? ಮೆಕಾರ್ಥಿ ಹೋದ ಮೇಲೆ ಪಕ್ಷ 113–99ರಲ್ಲಿ ಸ್ಟೀವ್ ಸ್ಕಲೀಸ್ ಅವರನ್ನು ಸ್ಪೀಕರ್ ಅಭ್ಯರ್ಥಿಯಾಗಿ ಆರಿಸಿತು. ಕಟ್ಟರ್ ಬಣ ಒಪ್ಪಲಿಲ್ಲ, ಮರುದಿನವೇ ಅವರು ಹಿಂದೆ ಸರಿದರು. ಆಮೇಲೆ ಬಂದವರು ಫ್ರೀಡಂ ಕಾಕಸ್‌ನ ಮೊದಲ ಅಧ್ಯಕ್ಷ ಜಿಮ್ ಜೋರ್ಡನ್. ಸದನದಲ್ಲಿ ಮೊದಲ ಸುತ್ತಿನಲ್ಲಿ 200 ಮತ, ಎರಡನೆಯದರಲ್ಲಿ 199, ಮೂರನೆಯದರಲ್ಲಿ 194. ಬೆದರಿಸಿದಷ್ಟೂ ಇಳಿಯಿತು. ಕೊನೆಗೆ ಪಕ್ಷದೊಳಗೇ ರಹಸ್ಯ ಮತದಾನ ನಡೆದು, 112 ಮಂದಿ ‘ಸಾಕು, ಹೋಗಿ’ ಎಂದರು, 86 ಮಂದಿ ಮಾತ್ರ ‘ಇರಿ’ ಎಂದರು. ಆ ದಿನಗಳಲ್ಲಿ ಜೋರ್ಡನ್ ಪರದವರ ಅಳಲು ಏನಾಗಿತ್ತೆಂದರೆ, ಬೆರಳೆಣಿಕೆಯವರು ಇಡೀ ಪಕ್ಷದ ಆಯ್ಕೆಯನ್ನು ತಡೆಯುವುದು ಅನ್ಯಾಯವಂತೆ! ಹದಿನೈದು ದಿನದ ಹಿಂದೆ ಅದೇ ತತ್ವನಿಷ್ಠೆಯಾಗಿತ್ತು.

ಮತದಾರನ ಹೆಸರಲ್ಲಿ ಮಾತಾಡುವ ಈ ಕಾಕಸ್ ತನ್ನ ಸದಸ್ಯರ ಪಟ್ಟಿಯನ್ನೇ ಅಧಿಕೃತವಾಗಿ ಪ್ರಕಟಿಸುವುದಿಲ್ಲ ಎಂಬುದನ್ನೂ ಗಮನಕ್ಕೆ ತರುತ್ತೇನೆ. ಇನ್ನು ಅದರ ಅಧ್ಯಕ್ಷರಾಗಿದ್ದ, ಆ ಎಂಟರಲ್ಲೂ ಒಬ್ಬರಾಗಿದ್ದ ಬಾಬ್ ಗುಡ್ ಅವರನ್ನು 2024ರ ಜೂನ್‌ನಲ್ಲಿ ಅವರ ಕ್ಷೇತ್ರದ ರಿಪಬ್ಲಿಕನ್ ಮತದಾರರೇ ಕೆಲವೇ ನೂರು ಮತಗಳ ಅಂತರದಲ್ಲಿ ಮನೆಗೆ ಕಳಿಸಿದರು. ಅವರ ಎದುರಾಳಿಗೆ ಟ್ರಂಪ್ ಬೆಂಬಲವಿತ್ತು ಎಂದು ವಕೀಲರು ಆಕ್ಷೇಪಿಸಬಹುದು. ಇತ್ತು. ನಿಜವಾದ ಮತದಾರ ಯಾರ ಮಾತು ಕೇಳುತ್ತಾನೆ ಎಂಬುದು ಆಗ ಅವರಿಗೆ ಸ್ಪಷ್ಟವಾಗಿರಬೇಕು.

“ಅವರು ಕೇಳುತ್ತಿರುವುದು ಅಧಿಕಾರವಲ್ಲ, ಕ್ರಮ. ಸಾವಿರಾರು ಪುಟದ ಒಂದೇ ಕಂತೆ ಬೇಡ, ಹನ್ನೆರಡು ವೆಚ್ಚದ ಮಸೂದೆಗಳನ್ನು ಒಂದೊಂದಾಗಿ ತನ್ನಿ.” ಈ ಬೇಡಿಕೆ ಪೂರ್ತಿ ನ್ಯಾಯವಾದದ್ದು. ಹನ್ನೆರಡನ್ನೂ ಸಕಾಲಕ್ಕೆ ಮುಗಿಸುವ ಶಿಸ್ತು ಅಮೆರಿಕದ ಸಂಸತ್ತಿಗೆ ತಪ್ಪಿ ದಶಕಗಳೇ ಆದವು. ಹಾಗಾದರೆ 2023ರ ಸೆಪ್ಟೆಂಬರ್ 19ರಂದು ಮೆಕಾರ್ಥಿ ರಕ್ಷಣಾ ಇಲಾಖೆಯ ವೆಚ್ಚದ ಮಸೂದೆಯನ್ನು, ಅದೊಂದನ್ನೇ, ಬಿಡಿಯಾಗಿ ತಂದಾಗ ಚರ್ಚೆಯೇ ಆರಂಭವಾಗದಂತೆ 212–214ರಲ್ಲಿ ತಡೆದವರು ಯಾರು? ಎರಡು ದಿನ ಬಿಟ್ಟು ಮತ್ತೆ ತಂದಾಗ 212–216ರಲ್ಲಿ ಮತ್ತೆ ತಡೆದವರು ಯಾರು? ಬಿಡಿಬಿಡಿಯಾಗಿ ತನ್ನಿ ಎಂದವರೇ. ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಜಾಣರು ಮಾತ್ರ ಆಡುವ ಇನ್ನೊಂದು ವಾದವಿದೆ: ಕಟ್ಟರ್ ಬಣ ಬೆನ್ನ ಹಿಂದೆ ಗುರುಗುಟ್ಟುತ್ತಿದ್ದರೆ ಚೌಕಾಸಿಯಲ್ಲಿ ನಾಯಕನ ಕೈ ಮೇಲಾಗುತ್ತದೆ. ನಾನೇನೋ ಒಪ್ಪುತ್ತೇನೆ, ಆದರೆ ನನ್ನವರು ಬಿಡುವುದಿಲ್ಲ ಎಂದು ಎದುರಿನವರನ್ನು ಬಗ್ಗಿಸಬಹುದು. 2023ರ ಮೇನಲ್ಲಿ ಬೈಡನ್ ಬಗ್ಗಿದ್ದು ಹಾಗೆಯೇ ಎನ್ನುತ್ತಾರೆ. ಒಪ್ಪೋಣ. ಹತ್ತು ವರ್ಷದಲ್ಲಿ ಕೊರತೆ ಸುಮಾರು ಒಂದೂವರೆ ಲಕ್ಷ ಕೋಟಿ ಡಾಲರ್ ತಗ್ಗುತ್ತದೆ ಎಂದು ಸಂಸತ್ತಿನ ಬಜೆಟ್ ಕಚೇರಿಯೇ ಅಂದಾಜು ಮಾಡಿದ ಒಪ್ಪಂದ ಅದು. ಅದಕ್ಕೆ ಬಣ ಕೊಟ್ಟ ಬಹುಮಾನ? ಮೇ 31ರಂದು 71 ರಿಪಬ್ಲಿಕನ್ನರು ವಿರುದ್ಧ ಮತ ಹಾಕಿದರು, ಮಸೂದೆ 314–117ರಲ್ಲಿ ಗೆದ್ದದ್ದು 165 ಡೆಮಾಕ್ರಾಟರ ಕೈ ಹಿಡಿದು. ಒಂದು ವಾರದಲ್ಲಿ ಜೂನ್ 6ರ ಆ ಮುಷ್ಕರ. ಕೇಳಿದ ಬೆಲೆ ಸಿಕ್ಕ ಮೇಲೂ ಸುಮ್ಮನಾಗದ ಬೆದರಿಕೆಯನ್ನು ತೋರಿಸಿ ನಾಯಕ ಮುಂದಿನ ಸಲ ಯಾರ ಹತ್ತಿರ ಚೌಕಾಸಿ ಮಾಡಬೇಕು?

2013ರ ಅಕ್ಟೋಬರ್ ಇನ್ನೂ ಕೆಟ್ಟದು. ಒಬಾಮಾ ಅವರ ಆರೋಗ್ಯ ಕಾಯ್ದೆಗೆ ಹಣ ನಿಲ್ಲಿಸದಿದ್ದರೆ ಸರ್ಕಾರವನ್ನೇ ನಿಲ್ಲಿಸುತ್ತೇವೆ ಎಂದು ಹೊರಟರು. ಸರ್ಕಾರ 16 ದಿನ ಮುಚ್ಚಿತು, ಸುಮಾರು 8 ಲಕ್ಷ ನೌಕರರು ಮನೆಗೆ ಹೋದರು. ಆ ಕಾಯ್ದೆಯ ವಿಮಾ ಮಾರುಕಟ್ಟೆಯ ವೆಬ್‌ಸೈಟ್ ಅಕ್ಟೋಬರ್ 1ರಂದೇ ತೆರೆದು, ತೆರೆದ ದಿನವೇ ಕೈಕೊಟ್ಟಿತ್ತು. ವಿರೋಧ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿತ್ತೆ? ಆದರೆ ಎರಡು ವಾರ ದೇಶವೆಲ್ಲ ನೋಡಿದ್ದು ಬೀಗ ಹಾಕಿದ ಉದ್ಯಾನ, ಸ್ಮಾರಕಗಳನ್ನು. 16ರಂದು ಬೇನರ್ ಮಸೂದೆ ತಂದರು, 285–144ರಲ್ಲಿ ಗೆದ್ದಿತು. ವಿರುದ್ಧ ಬಿದ್ದ ಆ 144 ಮತಗಳೂ ಅವರದೇ ಪಕ್ಷದವು. ಆರೋಗ್ಯ ಕಾಯ್ದೆಗೆ ಹೆಚ್ಚುಕಡಿಮೆ ಗೀರೂ ಬೀಳಲಿಲ್ಲ. ಮರುವರ್ಷ ಟೀವಿ ಕಾರ್ಯಕ್ರಮವೊಂದರಲ್ಲಿ ಬೇನರ್, ಇದು ಮುಗ್ಗರಿಸುತ್ತದೆಂದು ತನಗೆ ಮೊದಲೇ ಗೊತ್ತಿತ್ತು, ಹಿಂದೆ ಜನರಿಲ್ಲದ ನಾಯಕ ನಾಯಕನೇ ಅಲ್ಲವೆಂದು ಅವರ ಜೊತೆ ಹೊರಟೆ ಎಂಬ ಅರ್ಥದ ಮಾತಾಡಿದರು. ಮುಂದೆ ಗುಂಡಿ ಇದೆಯೆಂದು ತಿಳಿದೂ ಹಿಂದಿನವರು ಬಿಟ್ಟುಹೋಗಬಾರದೆಂದು ಗುಂಡಿಯತ್ತಲೇ ನಡೆದವರನ್ನು ನಾಯಕರೆನ್ನಲು ಅವರ ವಕೀಲರಿಗೆ ಸ್ವಾತಂತ್ರ್ಯವಿದೆ.

ಈಗ ಮೆಕಾರ್ಥಿ ನಂತರ ಸ್ಪೀಕರ್ ಆದ ಮೈಕ್ ಜಾನ್ಸನ್. “ಆತ ಉಳಿದದ್ದು ಡೆಮಾಕ್ರಾಟರ ಭಿಕ್ಷೆಯಿಂದ, ಆತ ಅವರ ಕೈಗೊಂಬೆ.” ಮೊದಲರ್ಧ ಸುಳ್ಳಲ್ಲ. 2024ರ ಮೇ 8ರಂದು, ಜಾನ್ಸನ್ ಪಕ್ಷದವರೇ ಆದ ಮಾರ್ಜೋರಿ ಟೇಲರ್ ಗ್ರೀನ್ ತಂದ ಪದಚ್ಯುತಿ ಗೊತ್ತುವಳಿಯನ್ನು ಬದಿಗಿಡುವ ಪರ ಬಿದ್ದ 359 ಮತಗಳಲ್ಲಿ 163 ಡೆಮಾಕ್ರಾಟರವು. ಉಳಿದ 196 ಮತ ಯಾರವು ಎಂದು ವಕೀಲರು ಹೇಳುವುದಿಲ್ಲ, ರಿಪಬ್ಲಿಕನ್ನರವು. ಗ್ರೀನ್ ಜೊತೆ ನಿಂತ ರಿಪಬ್ಲಿಕನ್ನರು ಹತ್ತು ಮಂದಿ. ಇನ್ನು ಕೈಗೊಂಬೆಯ ವಿಷಯ. 2025ರ ಜುಲೈ 3ರಂದು ಟ್ರಂಪ್ ಅವರ ದೊಡ್ಡ ತೆರಿಗೆ ಮಸೂದೆಯನ್ನು 218–214ರಲ್ಲಿ ಗೆಲ್ಲಿಸಿದ್ದು ಇದೇ ಜಾನ್ಸನ್, ಒಂದೂ ಡೆಮಾಕ್ರಾಟ್ ಮತವಿಲ್ಲದೆ. ಎಂಥ ಗೊಂಬೆಯಪ್ಪ ಇದು, ಸೂತ್ರ ಹಿಡಿದವರನ್ನೇ ಒದೆಯುತ್ತದೆ.

ಜಾನ್ಸನ್ ಅವರನ್ನು ಹೊಗಳಲು ನಾನು ಹೊರಟಿಲ್ಲ. ಉಕ್ರೇನ್, ಇಸ್ರೇಲ್, ತೈವಾನ್‌ಗಳಿಗೆ ನೆರವು ಕೊಡುವ ಸುಮಾರು 95 ಶತಕೋಟಿ ಡಾಲರಿನ ಮಸೂದೆಯನ್ನು ಸೆನೆಟ್ 2024ರ ಫೆಬ್ರವರಿ 13ರಂದು 70–29ರಲ್ಲಿ ಪಾಸು ಮಾಡಿತ್ತು. ಜಾನ್ಸನ್ ಎರಡು ತಿಂಗಳು ಅದರ ಮೇಲೆ ಕೂತರು, ಕುರ್ಚಿಯ ಭಯದಿಂದ. ಸೆನೆಟ್ ಮತದಾನವಾಗಿ ನಾಲ್ಕು ದಿನಕ್ಕೆ, ಶೆಲ್‌ಗಳ ಕೊರತೆಯಲ್ಲಿ ಉಕ್ರೇನ್ ಪಡೆ ಅವ್ದಿಯಿವ್ಕಾ ನಗರವನ್ನು ಬಿಟ್ಟು ಹಿಂದೆ ಸರಿಯಿತು. ಮಣಿಯುವುದರ ಖರ್ಚು ಯಾವಾಗಲೂ ನಾಯಕನ ಜೇಬಿನಿಂದಲೇ ಹೋಗುವುದಿಲ್ಲ. ಏಪ್ರಿಲ್‌ನಲ್ಲಿ, ಗ್ರೀನ್ ಗೊತ್ತುವಳಿ ಸಲ್ಲಿಸಿ ತಲೆಯ ಮೇಲೆ ತೂಗುಹಾಕಿದ್ದಾಗಲೇ, ಜಾನ್ಸನ್ ಮನಸ್ಸು ಮಾಡಿದರು. ನಿಯಮ ಸಮಿತಿಯಲ್ಲಿ ರಾಯ್, ನಾರ್ಮನ್, ಮ್ಯಾಸಿ ಮೂವರೂ ವಿರುದ್ಧ ನಿಂತರು, ಡೆಮಾಕ್ರಾಟ್ ಸದಸ್ಯರು ಕೈ ಎತ್ತಿದರು, ದಾರಿ ತೆರೆಯಿತು. ಏಪ್ರಿಲ್ 20ರಂದು ಉಕ್ರೇನ್ ಭಾಗ 311–112ರಲ್ಲಿ ಗೆದ್ದಿತು. ಹದಿನೆಂಟು ದಿನ ಬಿಟ್ಟು ಗ್ರೀನ್ ಅವರ ಗೊತ್ತುವಳಿ ಬಿತ್ತು. 2025ರ ಜನವರಿ 3ರಂದು ಜಾನ್ಸನ್ ಮೊದಲ ಸುತ್ತಿನಲ್ಲೇ ಮತ್ತೆ ಆಯ್ಕೆಯಾದರು. ಪದಚ್ಯುತಿ ಗೊತ್ತುವಳಿಗೆ ಇನ್ನು ಮೇಲೆ ಬಹುಮತದ ಪಕ್ಷದ ಒಂಬತ್ತು ಮಂದಿ ಸೇರಬೇಕು ಎಂದು ನಿಯಮವೂ ಬದಲಾಯಿತು. ಮೆಕಾರ್ಥಿ ಬೇಡಿ ಬೇಡಿ ಕಳೆದುಕೊಂಡದ್ದನ್ನು ಇವರು ಒಮ್ಮೆ ಎದುರು ನಿಂತು ವಾಪಸು ಪಡೆದರು.

“ಇದು ರಿಪಬ್ಲಿಕನ್ನರ ಮನೆ ರೋಗ, ನಿಮ್ಮ ಪ್ರೀತಿಯ ಡೆಮಾಕ್ರಾಟರಿಗೆ ಬಂದರೆ ಗೊತ್ತಾಗುತ್ತಿತ್ತು” ಎನ್ನುವವರಿಗೆ: ಬಂದಿದೆ. 2021ರಲ್ಲಿ ಪ್ರಮೀಳಾ ಜಯಪಾಲ್ ನೇತೃತ್ವದ ಪ್ರಗತಿಪರ ಬಣ ಮೂಲಸೌಕರ್ಯ ಮಸೂದೆಯನ್ನು ವಾರಗಟ್ಟಲೆ ಹಿಡಿದಿಟ್ಟಿತು. ಪೆಲೋಸಿ ದಿನಾಂಕ ಮುಂದೂಡಿದರು, ಮತ್ತೆ ಮುಂದೂಡಿದರು. ನವೆಂಬರ್ 5ರ ರಾತ್ರಿ ಮತಕ್ಕೆ ಹಾಕಿಯೇಬಿಟ್ಟರು. ಅವರದೇ ಆರು ಮಂದಿ ವಿರುದ್ಧ ಹೋದರು, 13 ರಿಪಬ್ಲಿಕನ್ನರು ಪರ ಬಂದರು, 228–206. ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್, ಮಿಷಿಗನ್‌ನ ಡೆಮಾಕ್ರಾಟ್ ಸದಸ್ಯ, 2025ರ ಮೇನಲ್ಲಿ ಟ್ರಂಪ್ ವಿರುದ್ಧ ಏಳು ಆರೋಪಗಳ ಮಹಾಭಿಯೋಗವನ್ನು ಬಲವಂತವಾಗಿ ಮತಕ್ಕೆ ತರಲು ಹೊರಟರು. ಅವರ ಪಕ್ಷದ ನಾಯಕರು ಬೆಂಬಲಿಸಲಿಲ್ಲ, ಹಿರಿಯರು ಹಿಂದೆ ಸರಿಯಿರಿ ಎಂದು ಕೇಳಿಕೊಂಡರು. ಮತ ನಡೆಯಬೇಕಿದ್ದ ದಿನ ಥಾಣೇದಾರ್ ಅದನ್ನು ಕೈಬಿಟ್ಟರು. ನಾಯಕತ್ವ ಯಾವ ಸಮಿತಿ ಸ್ಥಾನವನ್ನೂ ಮಾರಲಿಲ್ಲ, ಯಾವ ನಿಯಮವನ್ನೂ ಬದಲಿಸಲಿಲ್ಲ.

ನಮ್ಮಲ್ಲೇ ಕೆಲವು ಸ್ನೇಹಿತರು ಒಂದು ಸುಲಭ ಮದ್ದು ಸೂಚಿಸುತ್ತಾರೆ. ಅಮೆರಿಕಕ್ಕೆ ಬೇಕಿರುವುದು ನಮ್ಮ ಪಕ್ಷಾಂತರ ನಿಷೇಧ ಕಾಯ್ದೆ, ವಿಪ್ ಮೀರಿದರೆ ಸದಸ್ಯತ್ವ ರದ್ದು, ಬಣಗಳ ಆಟವೇ ಬಂದ್. 1985ರಿಂದ ಸಂವಿಧಾನದ ಹತ್ತನೇ ಅನುಸೂಚಿ ನಮ್ಮಲ್ಲಿದೆ. 2019ರ ಜುಲೈ 23ರಂದೂ ಇತ್ತು, ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿದ್ದಾಗ. ವಿಪ್ ಬೆಂಗಳೂರಿನಲ್ಲಿತ್ತು, ಅತೃಪ್ತ ಶಾಸಕರು ಮುಂಬೈ ಹೋಟೆಲಿನಲ್ಲಿದ್ದರು. ಸಭಾಧ್ಯಕ್ಷ ರಮೇಶ್ ಕುಮಾರ್ 17 ಮಂದಿಯನ್ನು ಅನರ್ಹಗೊಳಿಸಿದರು. ಡಿಸೆಂಬರ್ ಉಪಚುನಾವಣೆಯಲ್ಲಿ 15 ಸ್ಥಾನಗಳ ಪೈಕಿ 12 ಬಿಜೆಪಿ ಪಾಲಾದವು, ಫೆಬ್ರವರಿಯಲ್ಲಿ ಹಾಗೆ ಬಂದವರಲ್ಲಿ ಹತ್ತು ಮಂದಿ ಸಚಿವರೂ ಆದರು. ಮದ್ದು ಕೆಲಸ ಮಾಡಿದ್ದು ಹೀಗೆ.

ಕೆಲಸ ಮಾಡುತ್ತದೆ ಎಂದೇ ಇಟ್ಟುಕೊಳ್ಳಿ, ಆಗಲೂ ಲಾಭ ಯಾರಿಗೆ? ಏಪ್ರಿಲ್ 20ರ ಉಕ್ರೇನ್ ಮತವನ್ನು ಬಿಡಿಸಿ ನೋಡಿ. ಪರ ಬಿದ್ದ 311ರಲ್ಲಿ ಡೆಮಾಕ್ರಾಟರು 210, ರಿಪಬ್ಲಿಕನ್ನರು 101. ವಿರುದ್ಧ ಬಿದ್ದ 112 ಮಂದಿಯೂ ರಿಪಬ್ಲಿಕನ್ನರು. ಪಕ್ಷದೊಳಗಿನ ಬಹುಮತ ‘ಬೇಡ’ ಎಂದಿತ್ತು. ಆ ಬಹುಮತದ ಮಾತೇ ವಿಪ್ ಆಗಿ ಹೊರಟು ಆ 101 ಮಂದಿಯ ಬಾಯಿ ಕಟ್ಟಿದ್ದರೆ ಫಲಿತಾಂಶ 210–213 ಆಗುತ್ತಿತ್ತು, ಮಸೂದೆ ಮೂರು ಮತಗಳಿಂದ ಸೋಲುತ್ತಿತ್ತು.